ಕ್ಯಾನರಿ ವಾರ್ಫಿನಲ್ಲಿ ಮಿಶ್ರಛಾಪು

ನೆಲದಡಿ ರೈಲಿನ ಟ್ಯೂಬ್ ಸ್ಟೇಷನ್ನಿನ ಎಸ್ಕಲೇಟರ್ ಬಳಿ ಇಟಲಿಯ ಹುಡುಗಿಯೊಬ್ಬಳು ಗಿಟಾರ್ ಹಿಡಿದು ಹಾಡುತ್ತಿದ್ದಳು. ಬೆಳಗ್ಗೆ ಕೆಫೆಯಲ್ಲಿ ಕೆಲಸ, ಮಧ್ಯಾಹ್ನ ಇಲ್ಲಿ ತಾನೇ ಬರೆದ ಹಾಡುಗಳು. ನಾಳೆ ಅವಳ ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ಎಂದು ಅಕ್ಕನ ಮಗಳು ಸಿಂಧು ಹೇಳಿದಳು. ಸಿಂಧುವಿನ ಆಫೀಸು ಪಕ್ಕದಲ್ಲೇ ಇದೆ, ದಿನವೂ ಕೇಳುತ್ತಾಳೆ.

ಭಾಷೆ ತಿಳಿಯದಿದ್ದರೂ ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಎಂಟು ಎಣಿಕೆಯ ಆದಿತಾಳ ಹಾಕಿದೆ, ಕೂರಲಿಲ್ಲ. ಮತ್ತೆ ತಪ್ಪಿದಾಗ ಹೊಳೆಯಿತು: ಇದು ಏಳು ಎಣಿಕೆಯದು, ನಮ್ಮ ಮಿಶ್ರಛಾಪು!

"ಚಿಕ್ಕಮ್ಮ, ಪ್ಲೀಸ್, ಎಲ್ರೂ ನೋಡ್ತಿದಾರೆ," ಎಂದಳು ಸಿಂಧು.

ಹಾಡುವವಳೂ ನೋಡುತ್ತಿದ್ದಳು. ಮುಗಿಸಿದವಳೇ ನೇರ ನನ್ನ ಬಳಿ ಬಂದು ಏನೋ ಹೇಳಿದಳು. ಸಿಂಧುವೇ ಕನ್ನಡಕ್ಕೆ ತರಬೇಕಾಯಿತು: "ಈ ಹಾಡನ್ನ ನಾಲ್ಕು ಎಣಿಕೆಗೆ ಬದಲಾಯಿಸು ಅಂತಿದಾನಂತೆ ಇವಳ ಡ್ರಮ್ಮರ್. ಏಳಕ್ಕೆ ಜನ ಚಪ್ಪಾಳೆ ತಟ್ಟಲ್ವಂತೆ."

ನನಗೆ ರೇಗಿತು. "ಯಾಕೆ ತಟ್ಟಲ್ಲ? ಇನ್ನೊಂದ್ಸಲ ಹಾಡೋಕೆ ಹೇಳು."

ಅವಳು ಹಾಡಿದಳು. 'ತಕಿಟ ತಕಧಿಮಿ' ಎನ್ನುತ್ತ ನಾನು ಜೋರಾಗಿಯೇ ತಟ್ಟಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲೂ ಚಪ್ಪಾಳೆ ಕೇಳಿಸಿತು. ಸಿಂಧು ಜನರನ್ನು ಮರೆತಿದ್ದಳು.

ಹುಡುಗಿ ಗಿಟಾರ್ ಬಿಟ್ಟು, ಹಾಡು ಮಾತ್ರ ನಿಲ್ಲಿಸದೆ, ಡ್ರಮ್ಮರನಿಗೆ ಫೋನ್ ಹಚ್ಚಿ ಅದನ್ನು ನಮ್ಮ ಕೈಗಳ ಹತ್ತಿರ ಹಿಡಿದಳು.