ಆರು ಗುಪ್ಪೆ ಅವರೆಕಾಳು

ನಲವತ್ತೊಂದನೇ ಇಸವಿಯ ಅವರೆ ಕಾಲಕ್ಕೆ ಹೊಳೆನರಸೀಪುರದ ಪಂಚಾಕ್ಷರಯ್ಯ ಮೇಷ್ಟರಿಗೆ ಲಕ್ವ ಹೊಡೆದು ನಲವತ್ತು ದಿನವಾಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ತಮ್ಮ ರುದ್ರಯ್ಯ ದಂಡಿಗನಹಳ್ಳಿಯಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ.

"ಅತ್ಗೆಮ್ಮ, ಅಣ್ಣಯ್ಯಂಗೆ ಬುದ್ಧಿ ಉಳಿದಿಲ್ಲ. ಊರಿಗೆ ಕರ್ಕೊಂಡೋಗಿ ಹಿತ್ಲು ಕೋಣೇಲಿ ಮಲಗಿಸ್ತೀನಿ. ಎಲ್ಲಿದ್ರೇನು, ಗೊತ್ತಾಯ್ತದಾ?"

"ಗೊತ್ತಾಗುತ್ತೆ ಕಣಯ್ಯ," ಎಂದಳು ನೀಲಗಂಗಮ್ಮ.

"ನಿಮಗೆಂಗೆ ಗೊತ್ತು?"

ಗಂಡನ ಕಣ್ಣು ನೋಡಿ ಹೇಳಿದೆ ಎಂದರೆ ರುದ್ರಯ್ಯ ನಂಬುವವನಲ್ಲ. ಆಕೆ ಎದ್ದು ಅವರೆಕಾಳಿನ ಮೊರ ತಂದಳು.

ನೀಲಗಂಗಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ವರ್ಷ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮೇಷ್ಟರು ಒಂದು ಸಂಖ್ಯೆ ಕಲಿಸಿದ್ದರು. ದುಂಡಗೆ ಆರು ಗುಪ್ಪೆ: ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಸಾಲಾಗಿ ಓದಿದರೆ ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಎರಡರಿಂದ ಗುಣಿಸಿದರೂ ಅವೇ ಗುಪ್ಪೆಗಳು. ಎರಡರ ಗುಪ್ಪೆಯಿಂದ ಓದುತ್ತ ಸುತ್ತು ಬರಬೇಕು, ಅಷ್ಟೆ. ಮೂರರಿಂದಾದರೆ ನಾಲ್ಕರ ಗುಪ್ಪೆಯಿಂದ. ಆರರವರೆಗೂ ಒಂದು ಕಾಳನ್ನೂ ಕದಲಿಸಬೇಕಿಲ್ಲ. ಏಳರಿಂದ ಗುಣಿಸಿದಾಗ ಮಾತ್ರ ಆರು ಕಡೆಯೂ ಒಂಬತ್ತು. ಆಗ ಮೇಷ್ಟರು ಗುಪ್ಪೆಗಳನ್ನೆಲ್ಲ ಒಟ್ಟಿಗೆ ಬಾಚಿ, "ಹೊಸದಾಗಿ ಎಣಿಸು" ಎನ್ನುತ್ತಿದ್ದರು.

ಆಕೆ "ಲಾಭ, ಎರಡು, ಮೂರು" ಎಂದು ಎಣಿಸುತ್ತಿದ್ದಳು. ಬೂವನಹಳ್ಳಿಯ ತವರಿನ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಒಂದು ಅನ್ನೇ, ಇದೇನು ರಾಗಿ ರಾಶಿಯೇ?" ಎಂದು ಮೇಷ್ಟರು ಇಪ್ಪತ್ತೆಂಟು ವರ್ಷ ಗದರಿದರು. ಆಕೆ ಬಿಡಲಿಲ್ಲ.

ಈಗ ಗಂಡನ ಎಡಗೈ ಹತ್ತಿರ ಮಣೆಯಿಟ್ಟು ಆರು ಗುಪ್ಪೆ ಮಾಡಿದಳು. "ಮೂರರಿಂದ" ಎಂದವಳು ಗಾಬರಿಯಲ್ಲಿ ಎಂಟರ ಗುಪ್ಪೆಯ ಮೇಲೆ ಬೆರಳಿಟ್ಟಳು. ಮೇಷ್ಟರ ಎಡಗೈ ತೆವಳಿಕೊಂಡು ಬಂದು ಆ ಬೆರಳನ್ನು ನಾಲ್ಕರ ಗುಪ್ಪೆಗೆ ತಳ್ಳಿತು.

"ಕೈ ನಡುಗ್ತು, ಅಷ್ಟೆಯ," ಎಂದ ರುದ್ರಯ್ಯ.

"ಏಳರಿಂದ್ರೀ?"

ಎಡಗೈ ಗುಪ್ಪೆಗಳನ್ನೆಲ್ಲ ಬಾಚಿತು. ಕೆಲವು ಕಾಳು ನೆಲಕ್ಕುರುಳಿದವು.

"ನೋಡಿ, ಮಗೀನಂಗೆ ಚೆಲ್ಬುಟ್ರು."

ನೀಲಗಂಗಮ್ಮ ಎಣಿಸಲು ಒಂದು ಕಾಳು ತೆಗೆದಳು. ಇವತ್ತಾದರೂ ಅವರ ಮಾತು ನಡೆಸೋಣ ಎನಿಸಿತು.

"ಒಂದು."

ಮೇಷ್ಟರ ಹುಬ್ಬು ಗಂಟಿಕ್ಕಿತು. ಎಡಗೈ ಅವಳ ಮಣಿಕಟ್ಟನ್ನು ಹಿಡಿಯಿತು. ಸೊಟ್ಟಗಾದ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಲಾ... ಬ."

ರುದ್ರಯ್ಯ ಹೊರಗೆ ಹೋಗಿ, ಗಾಡಿ ಹೊಡೆಯುವ ದೇವಯ್ಯನಿಗೆ ಎತ್ತು ಬಿಚ್ಚಲು ಹೇಳಿ ಬಂದ. ನೆಲದ ಮೇಲಿನ ಕಾಳು ಆರಿಸಿ ಮಣೆಗೆ ಹಾಕಿ ಎಣಿಸಿದ.

"ಇಪ್ಪತ್ತೇಳೇ ಅವೆ, ಅತ್ಗೆಮ್ಮ."

"ಏಳರಿಂದಂದ್ರೆ ಒಂಬತ್ತಾರ್ಲೆ ಐವತ್ನಾಲ್ಕು ಬೇಕು ಕಣಯ್ಯ. ಮೊರದಿಂದ ತಗೋ."