ನಮ್ಮ ಮಹಡಿಯ ಡ್ಯೂಟಿ ಡಾಕ್ಟ್ರು

ಅವಳ ಎಡಗೆನ್ನೆಯ ಮೇಲೆ ನಾಣ್ಯದಷ್ಟು ದೊಡ್ಡ ಒಂದು ದುಂಡು ಗುರುತು ಇರುತ್ತಿತ್ತು. ಕೆಂಪಗೆ, ಅಂಚು ಸ್ವಲ್ಪ ತಗ್ಗಾಗಿ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ ಅದನ್ನು ಹುಳಕಡ್ಡಿ ಎಂದು ತಿಳಿದು ಡಾಕ್ಟರಿಗೇ ಮುಲಾಮು ಕೊಡಲು ಹೊರಟಿದ್ದಳು. ಅವಳು ಕೆನ್ನೆ ಮುಟ್ಟಿಕೊಂಡು ನಕ್ಕಳು.

"ಹುಳಕಡ್ಡಿ ಅಲ್ಲ ಆಂಟಿ, ಸ್ಟೆತಸ್ಕೋಪು. ಮೇಜಿನ ಮೇಲೆ ತಲೆ ಇಟ್ಟದ್ದು, ಅದು ಅಡಿಯಲ್ಲಿತ್ತು."

ಇಬ್ಬರು ರೋಗಿಗಳ ನಡುವೆ ಸಿಕ್ಕಿದ ನಿದ್ದೆಯ ಗುರುತು ಅದು. ಮನೆಗೆ ಬಂದು ಮುಖ ತೊಳೆದ ಮೇಲೂ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತಿತ್ತು.

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಧರ್ಮಸ್ಥಳದಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ ಇಳಿಯುವುದರಲ್ಲೇ ನನ್ನ ನೌಕರಿ ಕಳೆಯಿತು. ನಿವೃತ್ತಿಯಾದ ಮೇಲೆ ಬೆಳ್ತಂಗಡಿಯ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟೆವು. ಅಲ್ಲಿಗೆ ಬಂದವಳು ಈ ಹುಡುಗಿ. ಡಾಕ್ಟರನ್ನು 'ಅವಳು' ಎಂದು ಬರೆಯಬಾರದೇನೋ. ಆದರೆ ನಮ್ಮ ಮಗಳಿಗಿಂತ ಚಿಕ್ಕವಳು. 'ಅವರು' ಎಂದು ಬರೆದರೆ ನನಗೆ ಅವಳ ಮುಖ ಕಣ್ಣಿಗೆ ಬರುವುದಿಲ್ಲ.

ಊರು ಮೂಡುಬಿದಿರೆ ಹತ್ತಿರದ ತೋಡಾರು. ಬ್ಯಾರಿಗಳ, ಅಂದರೆ ಕರಾವಳಿಯ ಮುಸ್ಲಿಮರ ಮನೆ. ತಂದೆ ಸೌದಿಯಲ್ಲಿ. ಇಡೀ ಕುಟುಂಬದಲ್ಲಿ ಡಾಕ್ಟರ್ ಆದವಳು ಇವಳೇ ಮೊದಲು. ಓದು, ತರಬೇತಿ ಎಲ್ಲ ಮುಗಿಸಿ ನಮ್ಮೂರ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಡ್ಯೂಟಿ ಡಾಕ್ಟರ್ ಆಗಿ ಸೇರಿದ್ದಳು. ಆಸ್ಪತ್ರೆಯ ಹೆಸರು ಬೇಡ. ಮನೆ ನೋಡಲು ಜೊತೆಗೆ ಬಂದಿದ್ದ ತಾಯಿ ನೀರು, ಬಾಗಿಲು, ಚಿಲಕ ಎಲ್ಲ ನೋಡಿದರು. ಹೊರಡುವಾಗ ನನ್ನ ಹೆಂಡತಿಯ ಕೈಹಿಡಿದು, "ಇವಳಿಗೆ ಹಸಿವಾದ್ರೆ ಗೊತ್ತಾಗುವುದಿಲ್ಲ, ನೀವು ಸ್ವಲ್ಪ ಕರೀಬೇಕು" ಎಂದರು.

ಕರೆದರೆ ಬರುತ್ತಿದ್ದಳು. ನೀರುದೋಸೆಯನ್ನು ಕರವಸ್ತ್ರದ ಹಾಗೆ ಮಡಚಿ, ನಿಂತುಕೊಂಡೇ ತಿನ್ನುತ್ತಿದ್ದಳು. ಕೂತರೆ ಏಳಲಿಕ್ಕಾಗುವುದಿಲ್ಲ ಎಂಬುದು ಅವಳ ಲೆಕ್ಕ. ಯಾರು ಏನು ಕೇಳಿದರೂ ಮೊದಲು "ನೋಡುವ" ಎನ್ನುವುದು ಅಭ್ಯಾಸ. ನೆರೆಯವರು ಗಂಟುನೋವು, ಕೆಮ್ಮು ಎಂದು ನಮ್ಮ ಗೇಟಿಗೆ ಬಂದರೂ "ನೋಡುವ" ಎಂದು ಮೆಟ್ಟಿಲ ಮೇಲೆ ಕೂರಿಸಿ, ಅವರ ಮನೆಯ ಸುದ್ದಿಯೆಲ್ಲ ಕೇಳಿ, ನಗಿಸಿ ಕಳಿಸುತ್ತಿದ್ದಳು. ಬಂದ ಹೊಸದರಲ್ಲಿ ಮಹಡಿಯಿಂದ ಅವಳ ಬ್ಯಾರಿ ಮದುವೆ ಹಾಡು ನಮಗೆ ಕೆಳಗೆ ಕೇಳುತ್ತಿತ್ತು. ಮಳೆಗಾಲ ಶುರುವಾಗುವಾಗ ಹಾಡು ನಿಂತಿತ್ತು.

ಒಂದು ಬೆಳಗ್ಗೆ ಹೆಂಡತಿ ಹೂ ಕೊಯ್ಯಲು ಹೋದವಳು ಕಿರುಚಿಕೊಂಡಳು. ಓಡಿಹೋಗಿ ನೋಡಿದರೆ ಹುಡುಗಿ ಮಹಡಿಯ ಮೆಟ್ಟಿಲ ಮೇಲೆ ಬಿದ್ದಿದ್ದಾಳೆ. ಬಾಗಿಲ ಕೀ ಕೈಯಲ್ಲೇ ಇದೆ, ಒಂದು ಚಪ್ಪಲಿ ಕೆಳಗೆ ಉರುಳಿದೆ, ಮಳೆಯ ಎರಚಲಿಗೆ ಅರ್ಧ ಮೈ ಒದ್ದೆ. ಸತ್ತೇ ಹೋಗಿದ್ದಾಳೆಂದುಕೊಂಡೆ. ಅಲುಗಾಡಿಸಿದಾಗ ಕಣ್ಣು ಬಿಟ್ಟು, "ಇಲ್ಲ ಆಂಟಿ, ಐದು ನಿಮಿಷ ಅಂತ ಕೂತದ್ದು" ಎಂದಳು.

ಆ ಸಂಜೆ ನಾನು ಬಿಡಲಿಲ್ಲ. "ನಿಮ್ಮದು ಡ್ಯೂಟಿ ಎಷ್ಟು ಹೊತ್ತಿನದ್ದು ಡಾಕ್ಟ್ರೇ?"

"ಹೋಗುವ ಹೊತ್ತು ಗೊತ್ತುಂಟು ಅಂಕಲ್. ಬರುವ ಹೊತ್ತು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಸೇರುವಾಗ ಒಪ್ಪಂದದಲ್ಲಿ ಬರೆದಿರ್ಲಿಲ್ವಾ?"

"ಬರೆದಿದ್ದಾರೆ. ಸಂಸ್ಥೆಯ ಅಗತ್ಯಕ್ಕೆ ತಕ್ಕ ಹಾಗೆ ಅಂತ."

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ, ಕೆಲಸದ ಹೊತ್ತಿನ ಬಗ್ಗೆ ಒಪ್ಪಂದದಲ್ಲಿದ್ದದ್ದು ಅದೊಂದೇ ಮಾತು. ಎರಡು ವರ್ಷದವರೆಗೆ ಕೆಲಸ ಬಿಟ್ಟು ಹೋಗುವ ಹಾಗಿಲ್ಲ, ಅಲ್ಲಿಯವರೆಗೆ ಅವಳ ಪದವಿಯ ಅಸಲು ಸರ್ಟಿಫಿಕೇಟುಗಳು ಆಸ್ಪತ್ರೆಯ ಕಪಾಟಿನಲ್ಲಿ ಎಂಬುದು ಮಾತ್ರ ವಿವರವಾಗಿ ಇತ್ತಂತೆ. ಇವಳ ಜೊತೆ ಇನ್ನಿಬ್ಬರು ಡ್ಯೂಟಿ ಡಾಕ್ಟರುಗಳಿದ್ದರು. ಅವಧಿ ಮುಗಿಸಿ ಅವರು ಹೋದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಮೂವರ ಡ್ಯೂಟಿ ಒಬ್ಬಳ ತಲೆಗೆ ಬಂತು.

ನಮಗೂ ಡಬಲ್ ಡ್ಯೂಟಿ ಬರುತ್ತಿತ್ತು. ಆದರೆ ಆಗುವುದಿಲ್ಲ ಎಂದು ಹೇಳಲು ನಮಗೊಂದು ನಿಯಮವಿತ್ತು, ಮೇಜು ಗುದ್ದಿ ಕೇಳಲು ಯೂನಿಯನ್ ಇತ್ತು. ಘಾಟಿ ಇಳಿದು ಬಂದವನನ್ನು ವಿಶ್ರಾಂತಿ ಇಲ್ಲದೆ ಮತ್ತೆ ಘಾಟಿಗೆ ಕಳಿಸಿದರೆ ಡಿಪೋದಲ್ಲಿ ಗಲಾಟೆಯೇ ಆಗುತ್ತಿತ್ತು. ಬಸ್ಸು ಓಡಿಸುವವನಿಗೆ ನಿದ್ದೆ ಬೇಕು ಎಂದು ಗೊತ್ತಿರುವ ಲೋಕಕ್ಕೆ, ಮನುಷ್ಯರ ಮೈಗೆ ಸೂಜಿ ಚುಚ್ಚುವವಳಿಗೆ ನಿದ್ದೆ ಬೇಕು ಎಂದು ಗೊತ್ತಿಲ್ಲವೇ? ನನಗೆ ನಂಬಲಾಗಲಿಲ್ಲ.

"ಬೇಡ ಅಂತ ಎದ್ದು ಬರ್ಲಿಕ್ಕೆ ಆಗುವುದಿಲ್ವಾ?" ಎಂದೆ.

"ರೋಗಿ ಎದುರು ಇರುವಾಗ ಎದ್ದು ಬರ್ಲಿಕ್ಕೆ ಕಾಲು ಬರುವುದಿಲ್ಲ ಅಂಕಲ್. ಅದು ಅವರಿಗೆ ಚೆನ್ನಾಗಿ ಗೊತ್ತುಂಟು."

ಆಮೇಲಾಮೇಲೆ ಅವಳು ತನ್ನ ಕಣ್ಣನ್ನೇ ನಂಬದ ಹಾಗಾದಳು. ಹೊರಡುವಾಗ ಬೀಗ ಹಾಕಿ ಕೆಳಗಿಳಿದು, "ಅಂಕಲ್, ಬೀಗ ಹಾಕಿದ್ದೇನಾ? ನೀವೊಮ್ಮೆ ನೋಡಿ" ಎನ್ನುತ್ತಿದ್ದಳು. ಹಾಕಿರುತ್ತಿದ್ದಳು. ಆದರೂ ನಾನು ನೋಡಿ ಹೇಳಿದ ಮೇಲೆಯೇ ಗೇಟು ದಾಟುತ್ತಿದ್ದದ್ದು.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಆ ದಿನ ಮಾತ್ರೆ ನುಂಗಿ, ನೆಂಟರ ಮನೆಯ ನಾಮಕರಣಕ್ಕೆ ಹೋಗಲಿಕ್ಕುಂಟು ಎಂದು ತಿಂಡಿ ಬಿಟ್ಟಳು. ಊಟಕ್ಕೆ ತಡವಾಯಿತು. ಮನೆಗೆ ಬಂದವಳು ಅಡುಗೆಮನೆಯಲ್ಲಿ ಕುಸಿದಳು. ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿದ್ದದ್ದು ಇವಳೇ. ಹಿಂದಿನ ದಿನ ಬೆಳಗ್ಗೆ ಹೋದವಳು ಮನೆಗೆ ಬಂದಿರಲಿಲ್ಲ. ಜನ ತುಂಬಿದ ಕಾರಿಡಾರು, ಅತ್ತ ಒಬ್ಬ ಹುಡುಗನ ಮುರಿದ ಕೈ, ಇತ್ತ ಒಬ್ಬ ಅಜ್ಜನ ಉಬ್ಬಸ. ನಮ್ಮನ್ನು ಕಂಡದ್ದೇ ಓಡಿಬಂದಳು. ಒಬ್ಬ ಸಿಸ್ಟರ್ ಬೆರಳು ಚುಚ್ಚಿ ರಕ್ತ ನೋಡಿ ಏನೋ ಕೂಗಿ ಹೇಳಿ ಅಜ್ಜನ ಕಡೆ ಹೋದರು. ಇವಳು ಇನ್ನೊಬ್ಬ ಸಿಸ್ಟರಿಗೆ ಮದ್ದು ಹೇಳಿದಳು. ಅವರು ಸಿರಿಂಜು ತುಂಬಿಸಿ ತಂದು ಹೆಂಡತಿಯ ತೋಳು ಹಿಡಿದರು.

ಆಗ ಹುಡುಗಿ ಸಿಸ್ಟರಿನ ಮಣಿಕಟ್ಟನ್ನು ಗಪ್ಪೆಂದು ಹಿಡಿದಳು.

"ನಿಲ್ಲಿ. ಮಿಶಿನ್ ಎಲ್ಲಿ? ನನಗೆ ತೋರಿಸಿ."

ಮಿಶಿನ್ ನೋಡಿದಳು. ಸಿರಿಂಜನ್ನು ಕಿತ್ತುಕೊಂಡು ಟ್ರೇಗೆ ಎಸೆದಳು. ತಾನೇ ಓಡಿ ಬೇರೆ ಮದ್ದು ತಂದು ನರಕ್ಕೆ ಕೊಟ್ಟಳು. ನೋಡನೋಡುತ್ತ ಹೆಂಡತಿ ಕಣ್ಣು ಬಿಟ್ಟು, "ನಾಮಕರಣದ ಪಾಯಸ ತಂದೆಯಾ?" ಎಂದು ನನ್ನನ್ನು ಕೇಳಿದಳು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಏನೋ ಆಯಿತು, ಸರಿಹೋಯಿತು ಎಂದಷ್ಟೇ ನನಗೆ ಗೊತ್ತು. ಆ ಹುಡುಗಿ ಹೇಳದಿದ್ದರೆ ಇವತ್ತಿಗೂ ಅಷ್ಟೇ ಗೊತ್ತಿರುತ್ತಿತ್ತು.

ಅವಳು ಹೊರಗೆ ಬಂದಳು. ಬೆಂಚುಗಳಲ್ಲಿ ಜನ ಕೂತಿದ್ದರು, ಮ್ಯಾನೇಜರ್ ಕೌಂಟರಿನಲ್ಲಿದ್ದರು. ಎಲ್ಲರೆದುರು ನನ್ನ ಮುಂದೆ ನಿಂತು ಹೇಳಿದಳು:

"ಅಂಕಲ್, ಆಂಟಿಗೆ ಸಕ್ಕರೆ ತೀರ ಇಳಿದಿತ್ತು. ಸಿಸ್ಟರ್ ತರ್ಟಿಏಟ್ ಅಂತ ಹೇಳಿದ್ದು ನನಗೆ ತ್ರೀಏಯ್ಟಿ, ಮುನ್ನೂರ ಎಂಬತ್ತು ಅಂತ ಕೇಳಿತು. ನಾನು ಸಕ್ಕರೆ ಇಳಿಸುವ ಇನ್ಸುಲಿನ್ ಕೊಡ್ಲಿಕ್ಕೆ ಹೇಳಿದೆ. ಅದು ಒಳಗೆ ಹೋಗಿದ್ರೆ ಆಂಟಿ ಇರ್ತಿರ್ಲಿಲ್ಲ."

ಮ್ಯಾನೇಜರ್ ಹಾರಿ ಬಂದರು. "ಡಾಕ್ಟ್ರೇ, ಒಳಗೆ ಬನ್ನಿ. ಇದೆಲ್ಲ ಇಲ್ಲಿ ಮಾತಾಡುವುದಲ್ಲ."

"ನಾನು ಒಳಗೆ ಬರುವುದಿಲ್ಲ. ನಿನ್ನೆ ಬೆಳಗ್ಗೆಯಿಂದ ಮಲಗಿಲ್ಲ. ಬೇರೆ ಡಾಕ್ಟ್ರು ಬರುವ ತನಕ ಹತ್ತಿರ ನಿಂತು ನೋಡಿಕೊಳ್ತೇನೆ, ಆದರೆ ಇನ್ನು ಯಾರಿಗೂ ನನ್ನ ಬಾಯಿಯಿಂದ ಮದ್ದು ಹೇಳುವುದಿಲ್ಲ."

ಒಬ್ಬರು ಸಿಟ್ಟಿನಲ್ಲಿ ಬೈದರು. ಆಸ್ಪತ್ರೆಯ ಯಜಮಾನರು ಹಿರಿಯ ಡಾಕ್ಟರು. ಅವರ ಮನೆ ಹಿಂದಿನ ಕಾಂಪೌಂಡಿನಲ್ಲೇ. ಉಣ್ಣುತ್ತಿದ್ದವರು ಕೈ ಒರೆಸಿಕೊಳ್ಳುತ್ತಾ ಬಂದರು. ವಿಷಯ ಕೇಳಿ, ಇವಳಿಗೆ ಮಾತ್ರ ಕೇಳುತ್ತದೆ ಎಂದುಕೊಂಡು ಮೆಲ್ಲಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ನಮ್ಮ ಕಾಲದಲ್ಲಿ ನಾವು ಎರಡೆರಡು ದಿನ ನಿದ್ದೆ ಇಲ್ಲದೆ ಕೆಲಸ ಮಾಡಿದ್ದೇವೆ."

"ಆಗ ನಿಮ್ಮ ಕೈಯಿಂದ ತಪ್ಪು ಆಗ್ಲಿಲ್ವಾ ಸರ್?"

ಸೊಕ್ಕಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಹಾಗೆ, ಕಣ್ಣು ತುಂಬಿಕೊಂಡು ಕೇಳಿದಳು. ಅವರು ಕುರ್ಚಿಯಲ್ಲಿ ಕೂತು ಮುಂದಿನ ರೋಗಿಯನ್ನು ಕರೆದರು.

ನಾನು ಬೆಂಚಿನಲ್ಲಿ ಕೂತುಬಿಟ್ಟೆ. ಹೆಂಡತಿ ಕೈಬಿಟ್ಟು ಹೋಗುತ್ತಿದ್ದಳು ಎಂಬುದಕ್ಕೋ, ಅದನ್ನು ಮುಚ್ಚಿಡಬಹುದಾಗಿದ್ದವಳು ಬಿಚ್ಚಿ ಹೇಳಿದಳು ಎಂಬುದಕ್ಕೋ ಗೊತ್ತಾಗಲಿಲ್ಲ. ಸಿಟ್ಟು ಬರಬೇಕಿತ್ತು. ಆ ಸಣ್ಣ ಮುಖ ನೋಡಿದರೆ ಸಿಟ್ಟು ಯಾರ ಮೇಲೆ ಮಾಡುವುದು?

ಅದಕ್ಕಿಂತ ದೊಡ್ಡ ಆಘಾತ ಎರಡು ದಿನ ಬಿಟ್ಟು ಮನೆಗೇ ಬಂತು. ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದಿದ್ದರು. ಹೆಂಡತಿಯ ಆರೋಗ್ಯ ವಿಚಾರಿಸಿ, ಗಂಟಲು ಸರಿಮಾಡಿಕೊಂಡು, "ನೀವೊಂದು ದೂರು ಬರೆದುಕೊಡ್ಬೇಕು. ಡ್ಯೂಟಿ ಡಾಕ್ಟರ ನಿರ್ಲಕ್ಷ್ಯ ಅಂತ. ಅವರ ಮೇಲೆ ನಾವು ಕ್ರಮ ತೆಗೊಳ್ತೇವೆ" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳನ್ನು ಹಿಂಡಿದವರೇ ಅವಳ ಮೇಲೆ ನನ್ನ ಕೈಯಿಂದ ಬರೆಸಲು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿ ಬಂದಳು.

"ಬರೆಯುವ. ಧಾರಾಳ ಬರೆಯುವ. ಆ ಹುಡುಗಿಯನ್ನು ಎಷ್ಟು ಹೊತ್ತು ನಿಲ್ಲಿಸಿದ್ರಿ, ಎಷ್ಟು ಜನರ ಕೆಲಸ ಮಾಡಿಸಿದ್ರಿ, ನೀವು ಹೇಳಿ. ಹೇಳಿದ ಹಾಗೇ ಬರೆದು ಕೊಡ್ತೇವೆ."

ಮ್ಯಾನೇಜರ್ ಎದ್ದರು. "ಬುಟ್ಟಿ ತೆಗೊಂಡು ಹೋಗಿ ಮಾರಾಯ್ರೇ, ನನಗೆ ಸಕ್ಕರೆ ಕಾಯಿಲೆ" ಎಂದಳು ಹೆಂಡತಿ.

ಹುಡುಗಿ ರಾಜೀನಾಮೆ ಕೊಟ್ಟಳು. ಅವಧಿ ಮುಗಿಯದೆ ಸರ್ಟಿಫಿಕೇಟು ಕೊಡುವುದಿಲ್ಲ ಎಂದರು. ಅವು ಇಲ್ಲದೆ ಅವಳು ಎಲ್ಲಿಗೂ ಹೋಗುವ ಹಾಗಿಲ್ಲ. ತೋಡಾರಿನಿಂದ ತಾಯಿ ಬಂದರು. ಎಲ್ಲರೂ ಸೇರಿ ಆಸ್ಪತ್ರೆಗೆ ಹೋದೆವು. ಯಜಮಾನರು ಬ್ಯುಸಿ, ಕಾಯಿರಿ ಎಂದರು. ಕಾಯಲು ನನ್ನ ಹೆಂಡತಿಗೆ ಬೇಸರವಿಲ್ಲ. ರೋಗಿಗಳ ಬೆಂಚಿನಲ್ಲಿ ಕೂತು, ಪಕ್ಕದವರಿಗೆ ತನ್ನ ಕಥೆ ಹೇಳಲು ಶುರುಮಾಡಿದಳು. ತಾನು ಬಿದ್ದದ್ದು, ಸಿರಿಂಜು ತೋಳಿನ ಹತ್ತಿರ ಬಂದದ್ದು, ಡಾಕ್ಟರಮ್ಮ ಎಷ್ಟು ಹೊತ್ತಿನಿಂದ ಮಲಗಿರಲಿಲ್ಲ ಎಂಬುದು. ಒಬ್ಬರು ಎದ್ದು ಹೋದರೆ ಮುಂದೆ ಕೂತವರಿಗೆ ಮತ್ತೆ ಮೊದಲಿನಿಂದ. ಸ್ವರ ಸಣ್ಣದಾಗಿರಲಿಲ್ಲ. ಊಟದ ಹೊತ್ತಾಗುವ ಮೊದಲೇ ಸರ್ಟಿಫಿಕೇಟುಗಳು ಒಂದು ಲಕೋಟೆಯಲ್ಲಿ ಹೊರಗೆ ಬಂದವು.

ಮಹಡಿ ಖಾಲಿ ಮಾಡುವ ದಿನ ಹೆಂಡತಿ ಅವಳ ತಲೆ ಸವರಿ, "ನನ್ನ ಜೀವ ಉಳಿಸಿದೆ ಮಗಾ" ಎಂದಳು. ಅವಳು ಆ ಮಾತನ್ನು ತೆಗೆದುಕೊಳ್ಳಲೇ ಇಲ್ಲ.

"ಉಳಿಸಿದ್ದೂ ನಾನೇ, ತೆಗೀಲಿಕ್ಕೆ ಹೊರಟದ್ದೂ ನಾನೇ ಆಂಟಿ. ಒಂದನ್ನು ಹೇಳುವಾಗ ಇನ್ನೊಂದನ್ನೂ ಹೇಳಿ."

"ಇನ್ನು ಏನು ಮಾಡ್ತಿ?"

"ಮೊದಲು ಮಲಗ್ತೇನೆ."

ಮಾರನೆಯ ದಿನ ಅವಳ ತಾಯಿ ಹೆದರಿಕೊಂಡು ಫೋನು ಮಾಡಿದರು: "ಮಲಗಿದವಳು ಎದ್ದೇ ಇಲ್ಲ, ಎಬ್ಬಿಸುವುದಾ?" ಬೇಡ ಎಂದೆವು. ಈ ಕಡೆಯ ಆಸ್ಪತ್ರೆಗಳಲ್ಲಿ ಅವಳಿಗೆ ಆಮೇಲೆ ಕೆಲಸ ಸಿಗಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಎಲ್ಲ ಕಡೆ ತಲುಪಿತ್ತು. ಈಗ ಘಟ್ಟದ ಮೇಲಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಇದ್ದಾಳೆ, ಮುಂದಿನ ಓದಿಗೆ ತಯಾರಿ ಮಾಡುತ್ತಿದ್ದಾಳೆ. ಹೆಂಡತಿಯನ್ನು ಕೊಲ್ಲಲು ಹೊರಟವಳನ್ನು ಹೊಗಳುತ್ತೀಯಲ್ಲ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ನನಗೆ ಇಲ್ಲಿಯವರೆಗೆ ಎಷ್ಟೋ ಡಾಕ್ಟರುಗಳು ಮದ್ದು ಕೊಟ್ಟಿದ್ದಾರೆ. ನಿಜ ಕೊಟ್ಟವಳು ಅವಳೊಬ್ಬಳೇ.

ಕಳೆದ ತಿಂಗಳು ಹೆಂಡತಿಯ ಕಾಲಿನ ಒಂದು ಗಾಯ ತೋರಿಸಲು ಬಂಟ್ವಾಳದ ಒಂದು ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿಯೂ ಎಳೆಯ ಡ್ಯೂಟಿ ಡಾಕ್ಟರು. ಗಡ್ಡ ಈಗಷ್ಟೇ ಬಂದ ಹುಡುಗ, ಕಣ್ಣು ಕೆಂಡದ ಹಾಗೆ. ಗಾಯದ ಪಟ್ಟಿ ಬಿಡಿಸಲು ಕತ್ತರಿ ತೆಗೆದುಕೊಂಡ. ಹೆಂಡತಿ ಕಾಲು ಮೆಲ್ಲಗೆ ಹಿಂದೆ ತೆಗೆದುಕೊಂಡಳು.

"ಡ್ಯೂಟಿಗೆ ಯಾವಾಗ ಬಂದದ್ದು ಡಾಕ್ಟ್ರೇ?"

ಅವನು ತಲೆ ಎತ್ತಿ ಅವಳನ್ನೇ ನೋಡಿದ. ಆ ಕುರ್ಚಿಯಲ್ಲಿ ಕೂತ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ.

"ನಿನ್ನೆ" ಎಂದ.

"ನನ್ನದು ಅವಸರದ್ದೇನೂ ಅಲ್ಲ" ಎಂದು ಹೆಂಡತಿ ಎದ್ದು ಚಪ್ಪಲಿ ಮೆಟ್ಟಿದಳು. "ನಾವು ನಾಳೆ ಬರ್ತೇವೆ. ನೀವು ಬಾಗಿಲು ಹಾಕಿ ಸ್ವಲ್ಪ ಮಲಗಿ ಮಗಾ."