ಹೊಟ್ಟೆ ತುಂಬಿದ ಕೌದಿ

“ಅವ್ವಾ, ಖಾದರಬಿ ಆಯಿ ಕೌದಿಗೆ ರೊಟ್ಟಿ ಯಾಕ ತಿನ್ನಸ್ತಾಳ? ಅದಕ್ಕ ಬಾಯಿ ಎಲ್ಲೈತಿ?”

ಬಾಯಿಯಿಲ್ಲದ್ದಕ್ಕೇ ಮೊದಲು ಉಣಿಸಬೇಕು, ಬಾಯಿದ್ದವರು ಅತ್ತಾದರೂ ಉಣ್ಣುತ್ತಾರೆ ಎಂದು ಸಾವಂತ್ರೆವ್ವ ಮಗಳು ನಿಂಗಿಗೆ ಹೇಳಿ, ಅವಳ ಕೈಗೂ ಒಂದು ರೊಟ್ಟಿ ಚೂರು ಕೊಟ್ಟು ಸುಮ್ಮನಾಗಿಸಿದಳು.

ಬಾಜು ಮನೆಯ ಖಾದರಬಿ ಕೌದಿ ಹೊಲಿಯುವವಳು. ಗುಡಗೇರಿಯಲ್ಲಿ ಅವಳ ಕಣ್ಣಿಗೆ ಬಿದ್ದ ಅರಿವೆಗೆ ಸಾವೇ ಇರಲಿಲ್ಲ. ಹರಿದ ಸೀರೆ, ಸವೆದ ಧೋತರ, ಗಾಳಿಗೆ ಮುರಿದ ಛತ್ರಿಯ ಬಟ್ಟೆ, ಯಾರದೋ ಗಂಡ ಇನ್ನೂ ಹುಡುಕುತ್ತಿದ್ದ ಪಟ್ಟಾಪಟ್ಟಿ ಚಡ್ಡಿ, ಎಲ್ಲ ಅವಳ ಕೌದಿಯೊಳಗೆ ಪದರವಾಗುತ್ತಿದ್ದವು. ಕೊನೆಯ ಮೂಲೆ ಹೊಲಿಯುವ ಮೊದಲು ಅಲ್ಲೊಂದು ಚೂರು ರೊಟ್ಟಿ ಇಟ್ಟು ಮುಚ್ಚುವಳು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಹೊಟ್ಟೆ ತುಂಬಿದ ಕೌದಿಯನ್ನು ಮತ್ತೆ ಬಿಚ್ಚಲೂಬಾರದು.

ಮಂಡಲ ಪಂಚಾಯ್ತಿ ಚುನಾವಣೆ ಮುಗಿದಾಗ ಅವಳಿಗೆ ಸುಗ್ಗಿ. ಗೆದ್ದ ಕಾಳಿನ ವ್ಯಾಪಾರಿ ಹನಮಂತಪ್ಪನದು, ಸೋತ ಮೈಲಾರಪ್ಪನದು, ಬಟ್ಟೆಯ ಬ್ಯಾನರುಗಳೆಲ್ಲ ಸ್ಟೇಶನ್ ದಾರಿಯಲ್ಲಿ ಜೋತುಬಿದ್ದಿದ್ದವು. ದನ ಬಾಯಿ ಹಾಕುವ ಮೊದಲೇ ಖಾದರಬಿ ಅವನ್ನು ಬಿಚ್ಚಿ ತಂದಳು. ಅವಳಿಗೆ ಓದು ಬಾರದು. ಅವಳ ಪಾಲಿಗೆ ಇಬ್ಬರೂ ಒಂದೇ ತಾನಿನ ಅರಿವೆ. ಹೀಗಾಗಿ ಹನಮಂತಪ್ಪನ ಮೊಮ್ಮಗನಿಗೆಂದು ಹೊಲಿದ ಕೌದಿಯೊಳಗೆ ಮೈಲಾರಪ್ಪ ಹೋಗಿ ಮಲಗಿಬಿಟ್ಟ.

ಕೂಸು ತನ್ನ ಕೆಲಸ ಮಾಡಿತು. ಬ್ಯಾನರಿನ ಅಗ್ಗದ ಕೆಂಪು ಬಣ್ಣ ನೆನೆದು, ಮೇಲಿನ ತೆಳು ಸೀರೆ ದಾಟಿ ಬಂತು. ಬೆಳಿಗ್ಗೆ ಎತ್ತಿಕೊಂಡ ಅಜ್ಜಿ ಲಕ್ಷ್ಮವ್ವ ನೋಡಿದರೆ, ಮೊಮ್ಮಗನ ಕುಂಡಿಯ ಒಂದು ಬದಿಗೆ ‘ಮೈಲಾ’, ಇನ್ನೊಂದು ಬದಿಗೆ ‘ರಪ್ಪ’. ಅಕ್ಷರ ಉಲ್ಟಾ ಬಿದ್ದಿದ್ದವು, ಆದರೆ ವೈರಿಯ ಹೆಸರು ಗುರುತು ಹತ್ತದೆ ಇರುತ್ತದೆಯೇ?

ಹನಮಂತಪ್ಪ ಹಸಿ ಕೌದಿಯನ್ನೇ ಹೆಗಲಿಗೆ ಹಾಕಿಕೊಂಡು ಖಾದರಬಿಯ ಬಾಗಿಲಿಗೆ ಬಂದ. ಬಾಜು ಕಟ್ಟೆಯ ಮೇಲೆ ಅವರೆ ಸುಲಿಯುತ್ತಿದ್ದ ಸಾವಂತ್ರೆವ್ವ ಎದ್ದು ನಿಂತಳು. ಈಗಿಂದೀಗ ಬಿಚ್ಚಿ ಆ ಮೈಲಾರಪ್ಪನ ದರಿದ್ರವನ್ನು ಹೊರಗೆ ತೆಗೆ, ಇಲ್ಲವಾದರೆ ಊರಲ್ಲಿ ಒಂದು ಮನೆಯವರೂ ನಿನಗೆ ಒಂದು ಚಿಂದಿ ಕೊಡದಂತೆ ಮಾಡುತ್ತೇನೆ ಎಂದು ಖಾದರಬಿಗೆ ಹೇಳಿದ. ಆಡಿದ್ದನ್ನು ಮಾಡುವ ಆಸಾಮಿ. ಚಿಂದಿ ನಿಂತರೆ ಖಾದರಬಿಯ ಒಲೆಯೂ ನಿಂತಂತೆ. ಎರಡು ಹೊಲಿಗೆ ಬಿಚ್ಚಿ ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದು ಸಾವಂತ್ರೆವ್ವ ಕಣ್ಣಿನಲ್ಲೇ ಬೇಡಿಕೊಂಡಳು. ಖಾದರಬಿ ಕತ್ತರಿ ಹಿಡಿದವಳು ಮತ್ತೆ ಕೆಳಗಿಟ್ಟಳು.

“ಉಂಡ ಹೊಟ್ಟಿ ಸೀಳೂದಿಲ್ರಿ ಸಾವ್ಕಾರ್ರ. ಮತ್ತ ನೀವು ಒಂಚೂರು ವಿಚಾರ ಮಾಡ್ರಿ. ನಿಮ್ಮ ಮೊಮ್ಮಗ ದಿನಾ ಮೈಲಾರಪ್ಪನ ಮ್ಯಾಲ ಉಚ್ಚಿ ಹೊಯ್ತಾನ. ಇಂಥಾ ಗೆಲುವು ಯಾವ ಮತಪೆಟ್ಟಿಗ್ಯಾಗ ಸಿಗತೈತ್ರಿ?”

ಹನಮಂತಪ್ಪನ ಮೀಸೆ ಮೊದಲು ನಕ್ಕಿತು, ಆಮೇಲೆ ಡೊಳ್ಳುಹೊಟ್ಟೆ. ಕೌದಿಯನ್ನು ಮಡಚಿ, ಅಗದಿ ಜತನದಿಂದ ಬಗಲಲ್ಲಿಟ್ಟುಕೊಂಡು ಹೋದ. ಸಂಜೆಗೆ ಲಕ್ಷ್ಮವ್ವನ ಕಡೆಯಿಂದ ಹಳೆ ಸೀರೆಗಳ ಗಂಟೇ ಬಂತು.

ಇಂಥ ಸುದ್ದಿ ಮುಚ್ಚಿಟ್ಟರೆ ನಿಲ್ಲುತ್ತದೆಯೇ? ಮೈಲಾರಪ್ಪನ ಮನೆಯಲ್ಲೂ ಮಗಳ ಬಾಣಂತನ; ವಾರದೊಳಗೆ ಅಲ್ಲಿಂದಲೂ ಕೌದಿಗೆ ಹೇಳಿಕಳಿಸಿದರು. ಖಾದರಬಿ ಉಳಿದ ಬ್ಯಾನರುಗಳನ್ನು ಸಾವಂತ್ರೆವ್ವನ ಪಡಸಾಲೆಯಲ್ಲಿ ಹರವಿ, ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

“ತಂಗಿ, ನಿನಗ ಓದಾಕ ಬರತೈತಿ. ಇದರಾಗ ಹನಮಂತಪ್ಪ ಯಾವಾತ, ಒಂಚೂರು ತೋರಿಸಿಕೊಡು. ಈ ಸಲ ಹೆಸರು ಬರೋಬ್ಬರಿ ಕೂಸಿನ ಕುಂಡಿ ಕೆಳಗ ಬರಬೇಕು.”